ಕಾರು ನಿಂತಲ್ಲೇ ಬ್ಯಾಟರಿ ಖಾಲಿಯಾಗುತ್ತಿದೆಯೇ?

ಸುಬ್‌ಹ್ ನಮಾಝ್ ಮುಗಿಸಿ, ಮಕ್ಕಳಿಗೆ ತಿಂಡಿ ಕೊಟ್ಟು, ಟಿಫಿನ್ ಡಬ್ಬಿ ಕಟ್ಟಿ, ಅವಸರದಲ್ಲಿ ಹೊರಗೆ ಬಂದು ಕಾರಿನ ಕೀ ತಿರುಗಿಸುತ್ತೀರಿ. ಎಂಜಿನ್ ಚಾಲೂ ಆಗುವ ಬದಲು 'ಟಿಕ್ ಟಿಕ್' ಎಂಬ ಶಬ್ದ ಮಾತ್ರ ಕೇಳಿಸುತ್ತದೆ. ಮೀಟರ್ ಬೋರ್ಡಿನ ದೀಪಗಳು ಮಂಕಾಗಿ ಉರಿದು ಆರಿ ಹೋಗುತ್ತವೆ. ಮನೆಯ ಯಜಮಾನರು ಗಲ್ಫಿನಲ್ಲಿ. ಅಕ್ಕಪಕ್ಕದ ಗಂಡಸರೆಲ್ಲ ಆಗಲೇ ಕೆಲಸಕ್ಕೆ ಹೊರಟಿದ್ದಾರೆ. ಆಗ ನೀವು ಏನು ಮಾಡುತ್ತೀರಿ?

ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಮಿಕ್ಸಿ, ಗ್ಯಾಸ್ ಒಲೆ, ನೀರಿನ ಪಂಪುಗಳ ಬಗ್ಗೆ ಬರೆಯುತ್ತೇನೆ. ಈ ಬಾರಿ ಕಾರಿನ ಬಗ್ಗೆ ಬರೆಯಲು ಕಾರಣವಿದೆ. ಇಂದು ನಮ್ಮ ಸಹೋದರಿಯರಲ್ಲಿ ಅನೇಕರು ಸ್ವತಃ ಕಾರು ಓಡಿಸುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುವುದು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ರೇಶನ್ ತರುವುದು ಎಲ್ಲವೂ ಅವರ ಪಾಲಿಗೇ ಬಂದಿದೆ. ಆದರೆ ಬೋನೆಟ್ ಎತ್ತಬೇಕಾಗಿ ಬಂದರೆ 'ಅದು ಗಂಡಸರ ಕೆಲಸ' ಎಂದು ಹಿಂದೆ ಸರಿಯುತ್ತೇವೆ. ಹಾಗೆ ಹಿಂದೆ ಸರಿದುದರಿಂದ ನನಗೆ ನಷ್ಟವಾದದ್ದು ಹಣ ಮಾತ್ರವಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ಸೋಮವಾರಗಳು

ಅದು ಮಳೆಗಾಲ. ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಆಸ್ಪತ್ರೆಯಲ್ಲಿರಬೇಕಿತ್ತು. ಅಂದು ಕಾರು ಅಲುಗಾಡಲಿಲ್ಲ. ಸುರಿಯುವ ಮಳೆಯಲ್ಲಿ ರಿಕ್ಷಾ ಹುಡುಕಿ ತಲುಪುವಷ್ಟರಲ್ಲಿ ಸರದಿ ತಪ್ಪಿತ್ತು. ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಅತ್ತೆಯವರು ಒಂದು ಮಾತೂ ಆಡಲಿಲ್ಲ. ಅವರು ಆಡದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ಹನ್ನೆರಡು ವರ್ಷದ ಮಗ ಆದಿತ್ಯವಾರಗಳಂದು ಅಸ್ರ್ ನಂತರ ಕಾರಿನಲ್ಲಿ ಕುಳಿತು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. "ನೀನು ಕೀ ಆಫ್ ಮಾಡಿರಲಿಲ್ಲ" ಎಂದೆ. "ಇಲ್ಲ ಉಮ್ಮಾ, ಆಫ್ ಮಾಡಿಯೇ ಇಳಿದೆ" ಎಂದ. ಸುಳ್ಳು ಹೇಳುತ್ತೀಯಾ ಎಂದು ಗದರಿದೆ. ಕೀಯನ್ನು ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಬ್ಯಾಟರಿಯನ್ನು ಅಂಗಡಿಗೆ ಕೊಟ್ಟು ಚಾರ್ಜ್ ಮಾಡಿಸಿ ತಂದೆವು. ಮುಂದಿನ ಸೋಮವಾರ ಮತ್ತೆ ಅದೇ ಕಥೆ. "ಮೂರು ವರ್ಷದ ಬ್ಯಾಟರಿ. ಒಮ್ಮೆ ಪೂರ್ತಿ ಇಳಿದರೆ ಮತ್ತೆ ಸರಿಯಾಗುವುದಿಲ್ಲ" ಎಂದರು ಅಂಗಡಿಯವರು. ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು ಹೊಸದನ್ನು ಹಾಕಿಸಿದೆ. ನನ್ನ ಲೆಕ್ಕದಲ್ಲಿ ಆ ನಾಲ್ಕು ಸಾವಿರದ ತಪ್ಪೂ ಮಗನ ತಲೆಗೇ ಸೇರಿತು. ಫೋನಿನಲ್ಲಿ ಅವನ ತಂದೆಗೂ ದೂರು ಹೇಳಿದೆ. ಹುಡುಗ ಊಟದ ಹೊತ್ತಿಗೆ ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿಯೇ ಎದ್ದು ಹೋಗುತ್ತಿದ್ದ.

ಮೂರನೆಯ ಸೋಮವಾರ ಹೊಸ ಬ್ಯಾಟರಿಯೂ ಸತ್ತು ಮಲಗಿತ್ತು. ಎರಡು ವಾರದಿಂದ ಕೀ ನನ್ನ ಕಪಾಟಿನಲ್ಲೇ ಇತ್ತು. ಇನ್ನು ಯಾರನ್ನು ದೂರಲಿ?

ಕಾಕ ಕಲಿಸಿದ ಪಾಠ

ನಮ್ಮೂರಿನಲ್ಲಿ ಲಾರಿ, ಬಸ್ಸುಗಳ ವಯರಿಂಗ್ ಕೆಲಸ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತೇವೆ. ವಿಷಯ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಮಗಳೇ, ಟಾಂಕಿಯಲ್ಲಿ ನೀರು ನಿಲ್ಲದಿದ್ದರೆ ನೀನು ಹೊಸ ಟಾಂಕಿ ತರುತ್ತೀಯೋ, ಅಥವಾ ಯಾವ ನಳ್ಳಿ ಸೋರುತ್ತಿದೆ ಎಂದು ನೋಡುತ್ತೀಯೋ?"

ಇಡೀ ಪಾಠ ಈ ಪ್ರಶ್ನೆಯಲ್ಲೇ ಇದೆ. ಕಾರಿನ ಬ್ಯಾಟರಿ ಒಂದು ಟಾಂಕಿ. ಎಂಜಿನ್ ಓಡುವಾಗ ಆಲ್ಟರ್ನೇಟರ್, ಅಂದರೆ ನಾವು ಡೈನಮೋ ಎನ್ನುವ ಯಂತ್ರ ಅದನ್ನು ತುಂಬಿಸುತ್ತದೆ. ಎಂಜಿನ್ ನಿಂತ ಮೇಲೆ ನಳ್ಳಿಗಳೆಲ್ಲ ಮುಚ್ಚಬೇಕು. ಪೂರ್ತಿ ಅಲ್ಲ, ಗಡಿಯಾರ, ಕಳ್ಳರನ್ನು ತಡೆಯುವ ಅಲಾರಂ, ಎಂಜಿನ್ನಿನ ಕಂಪ್ಯೂಟರ್, ರೇಡಿಯೋದ ನೆನಪು ಇವುಗಳಿಗೆ ಹನಿ ಹನಿಯಾಗಿ ಕರೆಂಟು ಹೋಗುತ್ತಲೇ ಇರುತ್ತದೆ. ಸಾಮಾನ್ಯ ಕಾರುಗಳಲ್ಲಿ ಇದು 20ರಿಂದ 50 ಮಿಲಿಆಂಪಿಯರ್. ಅಂದರೆ ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಖರ್ಚು. ಎರಡು ವಾರ ನಿಂತರೂ ಅರ್ಧದಷ್ಟು ಉಳಿದಿರುತ್ತದೆ. ಆದರೆ 5 ವಾಟಿನ ಒಂದು ಪುಟ್ಟ ಬಲ್ಬು ಆರದೆ ಉರಿಯುತ್ತಿದ್ದರೆ ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಸುಮಾರು 10 ಆಂಪಿಯರ್-ಅವರ್. ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ, ಮೂರೂವರೆ ದಿನದಲ್ಲಿ ಪೂರ್ತಿ ಖಾಲಿ!

ಸೋಮವಾರವೇ ಏಕೆ ಎಂಬ ಗುಟ್ಟೂ ಇದರಲ್ಲೇ ಬಿಚ್ಚಿಕೊಂಡಿತು. ವಾರದ ದಿನಗಳಲ್ಲಿ ಕಾರು ಶಾಲೆಗೆ, ಪೇಟೆಗೆ ಓಡುತ್ತಿತ್ತು. ರಾತ್ರಿ ಸೋರಿದ್ದನ್ನು ಹಗಲಿನ ಓಟ ಅಷ್ಟಿಷ್ಟು ತುಂಬಿಸುತ್ತಿತ್ತು. ಶುಕ್ರವಾರ ಸಂಜೆ ನಿಲ್ಲಿಸಿದ ಕಾರನ್ನು ನಾವು ಸೋಮವಾರ ಬೆಳಿಗ್ಗೆಯೇ ಮುಟ್ಟುತ್ತಿದ್ದೆವು. ಸುಮಾರು ಅರವತ್ತು ಗಂಟೆ! ಮಗ ಆದಿತ್ಯವಾರ ಕಾರಿನಲ್ಲಿ ಕುಳಿತದ್ದಕ್ಕೂ ಸೋಮವಾರ ಕಾರು ನಿಂತದ್ದಕ್ಕೂ ಸಂಬಂಧವೇ ಇರಲಿಲ್ಲ. ಎರಡೂ ರಜೆಯ ದಿನಗಳ ಆಸುಪಾಸಿನಲ್ಲಿ ನಡೆಯುತ್ತಿದ್ದವು, ಅಷ್ಟೆ.

ಮೊದಲು ಜಾಗ್ರತೆ

ಪರೀಕ್ಷೆಗೆ ಇಳಿಯುವ ಮೊದಲು ಈ ಮಾತುಗಳನ್ನು ಮನಸ್ಸಿನಲ್ಲಿಡಿ.

ಕೈಯ ಚಿನ್ನದ ಬಳೆ, ಉಂಗುರ, ಲೋಹದ ವಾಚು ತೆಗೆದಿಡಿ. ಬ್ಯಾಟರಿಯ ಎರಡು ತುದಿಗಳನ್ನೋ, ಒಂದು ತುದಿ ಮತ್ತು ಕಾರಿನ ಬಾಡಿಯನ್ನೋ ಬಳೆ ಒಟ್ಟಿಗೆ ಮುಟ್ಟಿದರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡುತ್ತದೆ. 12 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ, ಆದರೆ ಸುಡುವುದಕ್ಕೆ ಅದು ಧಾರಾಳ ಸಾಕು.

ದುಪಟ್ಟ, ಬುರ್ಖಾದ ತೋಳು, ಜಡೆ ಎಲ್ಲವನ್ನೂ ಬಿಗಿಯಾಗಿ ಕಟ್ಟಿಕೊಳ್ಳಿ. ರೇಡಿಯೇಟರಿನ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಬ್ಯಾಟರಿಯ ಬಳಿ ಬೆಂಕಿಕಡ್ಡಿ, ಊದುಬತ್ತಿ, ಸಿಗರೇಟು ಬೇಡ. ಚಾರ್ಜ್ ಆಗುವಾಗ ಅದರಿಂದ ಹೊರಬರುವ ಹೈಡ್ರೋಜನ್ ಅನಿಲ ಕಿಡಿಗೆ ಸಿಡಿಯಬಲ್ಲದು. ಒಳಗಿರುವುದು ಗಂಧಕಾಮ್ಲ. ಬಟ್ಟೆಗೆ ತಾಗಿದರೆ ತೂತು ಬೀಳುತ್ತದೆ, ಕಣ್ಣಿಗೆ ತಾಗಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿಗೆ ಓಡಬೇಕು. ಮಕ್ಕಳನ್ನು ದೂರವಿರಿಸಿ.

ವಯರು ಬಿಚ್ಚುವಾಗ ಯಾವಾಗಲೂ ಮೊದಲು ಮೈನಸ್, ಅಂದರೆ ಕಪ್ಪು. ಜೋಡಿಸುವಾಗ ಕೊನೆಗೆ ಮೈನಸ್. ಈ ಕ್ರಮ ತಪ್ಪಿದರೆ ಸ್ಪಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಬಿಚ್ಚುವ ಮೊದಲು ಕೀಯನ್ನು ಕೈಯಲ್ಲಿಟ್ಟುಕೊಂಡು ಒಂದು ಕಿಟಕಿಯ ಗಾಜು ಇಳಿಸಿಡಿ. ಕೆಲವು ಕಾರುಗಳು ತಾವಾಗಿ ಲಾಕ್ ಆಗುತ್ತವೆ. ಗಡಿಯಾರದ ಸಮಯ ಮತ್ತೆ ಹೊಂದಿಸಬೇಕಾಗುತ್ತದೆ. ಕೆಲವು ಕಾರುಗಳ ರೇಡಿಯೋಗೆ ಗುಪ್ತ ಸಂಖ್ಯೆ ಬೇಕಾಗುತ್ತದೆ. ಅದು ಕಾರಿನ ಕಾಗದಪತ್ರಗಳೊಂದಿಗೆ ಇದೆಯೇ ಎಂದು ನೋಡಿಕೊಳ್ಳಿ.

ಹಳದಿ ಸುತ್ತು ಅಥವಾ ಹಳದಿ ಪ್ಲಗ್ ಇರುವ ವಯರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ವಯರುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ಇವೆರಡನ್ನೂ ಮುಟ್ಟಬೇಡಿ.

ಒಂದು ಸ್ಪಾನರಿನ ಪರೀಕ್ಷೆ

ಮೊದಲ ಪರೀಕ್ಷೆಗೆ 10 ಮಿಲಿಮೀಟರಿನ ಒಂದು ಸ್ಪಾನರ್ ಇದ್ದರೆ ಸಾಕು. ಹೆಚ್ಚಿನ ಕಾರುಗಳ ಟರ್ಮಿನಲಿಗೆ ಅದೇ ಹಿಡಿಸುತ್ತದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ಕಾರು ನಿಲ್ಲಿಸಿದ ಮೇಲೆ ಮೈನಸ್ ವಯರನ್ನು ಬಿಚ್ಚಿ, ಬ್ಯಾಟರಿಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿಡಿ. ಎರಡು ಮೂರು ದಿನ ಹಾಗೆಯೇ ಬಿಟ್ಟು ಮತ್ತೆ ಜೋಡಿಸಿ ಕೀ ತಿರುಗಿಸಿ.

ಕಾರು ಒಮ್ಮೆಗೇ ಚಾಲೂ ಆದರೆ ಬ್ಯಾಟರಿ ಚೆನ್ನಾಗಿದೆ, ಸೋರಿಕೆ ಕಾರಿನಲ್ಲಿದೆ. ವಯರು ಬಿಚ್ಚಿಟ್ಟಿದ್ದರೂ ಬ್ಯಾಟರಿ ಇಳಿದಿದ್ದರೆ ದೋಷ ಬ್ಯಾಟರಿಯ ಒಳಗೇ ಇದೆ. ನನ್ನ ನಾಲ್ಕು ಸಾವಿರ ರೂಪಾಯಿಯನ್ನು ಉಳಿಸಬಹುದಾಗಿದ್ದದ್ದು ಇಷ್ಟು ಸಣ್ಣ ಪರೀಕ್ಷೆ!

ಮೀಟರ್ ಏನು ಹೇಳುತ್ತದೆ?

ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರುವಂತೆ ಇದೂ ಒಂದು ಇರಲಿ. ಅದನ್ನು ನೇರ ವಿದ್ಯುತ್ತಿನ, ಅಂದರೆ ಡಿ.ಸಿ.ಯ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ಹಿಡಿಯಿರಿ.

ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಇದ್ದರೆ ಮುಕ್ಕಾಲು ಪಾಲು, 12.2 ಇದ್ದರೆ ಸುಮಾರು ಅರ್ಧ, 12 ಇದ್ದರೆ ಕಾಲು ಭಾಗ ಉಳಿದಿದೆ. ಅದಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

ಈಗ ಎಂಜಿನ್ ಚಾಲೂ ಮಾಡಿ ಮತ್ತೆ ನೋಡಿ. ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. ಕೆಲವು ಹೊಸ ಕಾರುಗಳು ತಾವೇ ಇದನ್ನು ಹೆಚ್ಚು ಕಡಿಮೆ ಮಾಡುತ್ತವೆ. ಆದರೆ ಎಂಜಿನ್ ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಡೈನಮೋ ತುಂಬಿಸುತ್ತಿಲ್ಲ, ಅಥವಾ ಅದರ ಬೆಲ್ಟ್ ಸಡಿಲವಾಗಿದೆ ಎಂದರ್ಥ. ಅದು ಸೋರಿಕೆಯಲ್ಲ, ಬೇರೆಯೇ ಕಾಯಿಲೆ.

ಇಲ್ಲೊಂದು ಎಚ್ಚರಿಕೆ. ಡೈನಮೋ ಪರೀಕ್ಷಿಸಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವಯರು ಕೀಳುವ ಹಳೆಯ ಅಭ್ಯಾಸ ಕೆಲವರಲ್ಲಿದೆ. ಇಂದಿನ ಕಾರುಗಳಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಥಟ್ಟನೆ ಏರಿ ಕಂಪ್ಯೂಟರ್ ಸುಟ್ಟು ಹೋಗಬಹುದು. ಯಾರಾದರೂ ಹಾಗೆ ಮಾಡಲು ಹೊರಟರೆ ಬೇಡವೆನ್ನಿ.

ಸೋರಿಕೆಯನ್ನು ಅಳೆಯುವುದು

ಇದು ಮುಖ್ಯ ಹಂತ. ಒಬ್ಬರೇ ಮಾಡುವ ಧೈರ್ಯವಿಲ್ಲದಿದ್ದರೆ ಬಲ್ಲವರನ್ನು ಕರೆಸಿ ಪಕ್ಕದಲ್ಲಿ ನಿಂತು ನೋಡಿ.

ಕಾರನ್ನು ನಿಲ್ಲಿಸಿ, ಬೋನೆಟ್ ಎತ್ತಿ, ಬಾಗಿಲುಗಳನ್ನೆಲ್ಲ ಮುಚ್ಚಿ. ಕೀ ಕಾರಿನಿಂದ ದೂರವಿರಲಿ. ಬಟನ್ ಒತ್ತಿ ಚಾಲೂ ಮಾಡುವ ಕಾರುಗಳಲ್ಲಂತೂ ಕೀ ಮನೆಯೊಳಗೇ ಇರಲಿ, ಇಲ್ಲವಾದರೆ ಕಾರು ಎಚ್ಚರವಾಗಿಯೇ ಇರುತ್ತದೆ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಬದಲಿಸಿ, ಗುಂಡಿಯನ್ನು 10 ಆಂಪಿಯರಿಗೆ ತಿರುಗಿಸಿ. ಬ್ಯಾಟರಿಯ ಮೈನಸ್ ವಯರು ಬಿಚ್ಚಿ, ಒಂದು ಕಡ್ಡಿಯನ್ನು ಬಿಚ್ಚಿದ ವಯರಿನ ತುದಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಜೋಡಿಸಿ. ಹಲ್ಲಿನ ಕ್ಲಿಪ್ ಇದ್ದರೆ ಕೈ ಹಿಡಿದು ನಿಲ್ಲಬೇಕಾಗಿಲ್ಲ. ಈಗ ಕಾರಿನಿಂದ ಸೋರುವ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಅಂಕಿಯ ಮುಂದೆ ಮೈನಸ್ ಚಿಹ್ನೆ ಬಂದರೆ ಗಾಬರಿ ಬೇಡ, ಕಡ್ಡಿಗಳು ಅದಲು ಬದಲಾಗಿವೆ ಅಷ್ಟೆ.

ಮೀಟರ್ ಹೀಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಕೀ ತಿರುಗಿಸಬೇಡಿ. ಸೆಲ್ಫ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಟ್ಟೇ ಹೋಗುತ್ತದೆ. ಕೆಲಸ ಮುಗಿದೊಡನೆ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ಮರಳಿ ಹಾಕಿ. ಮರೆತು ಅದನ್ನೇ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ನೇರವಾಗಿ ಶಾರ್ಟ್ ಆಗುತ್ತದೆ.

ಮೊದಲು ಅಂಕಿ ಹೆಚ್ಚಿಗೆ ತೋರಿಸುತ್ತದೆ. ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಹತ್ತು ನಿಮಿಷದಿಂದ ಅರ್ಧ ಗಂಟೆ, ಕೆಲವದರಲ್ಲಿ ಒಂದು ಗಂಟೆಯೂ ಬೇಕು. ಅಷ್ಟು ಹೊತ್ತು ತಾಳ್ಮೆಯಿಂದಿರಿ. ನಡುವೆ ಬಾಗಿಲು ತೆರೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಕೊನೆಗೆ 0.02ರಿಂದ 0.05ರೊಳಗೆ ನಿಂತರೆ ಸರಿಯಾಗಿದೆ. ನಮ್ಮ ಕಾರಿನಲ್ಲಿ ಮುಕ್ಕಾಲು ಗಂಟೆಯಾದರೂ ಅಂಕಿ 0.45ರಿಂದ ಕೆಳಗಿಳಿಯಲಿಲ್ಲ. "ಎಲ್ಲೋ ಒಂದು ದೀಪ ಉರಿಯುತ್ತಿದೆ" ಎಂದರು ಕಾಕ. ನಾನು ಕಾರಿನ ಸುತ್ತ ಬಂದೆ. ಎಲ್ಲಿಯೂ ಬೆಳಕಿರಲಿಲ್ಲ.

ಫ್ಯೂಸುಗಳ ಸರದಿ

ಇನ್ನು ಒಂದೊಂದೇ ನಳ್ಳಿಯನ್ನು ಮುಚ್ಚಿ ನೋಡುವ ಕೆಲಸ. ಫ್ಯೂಸ್ ಪೆಟ್ಟಿಗೆ ಒಂದು ಬೋನೆಟ್ಟಿನ ಕೆಳಗೆ, ಇನ್ನೊಂದು ಸಾಮಾನ್ಯವಾಗಿ ಸ್ಟಿಯರಿಂಗಿನ ಆಸುಪಾಸಿನಲ್ಲಿರುತ್ತದೆ. ಯಾವ ಫ್ಯೂಸ್ ಯಾವುದಕ್ಕೆ ಎಂದು ಮುಚ್ಚಳದ ಒಳಬದಿಯಲ್ಲೋ ಕಾರಿನ ಪುಸ್ತಕದಲ್ಲೋ ಚಿತ್ರವಿರುತ್ತದೆ. ಆರಂಭಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಫ್ಯೂಸಿನ ಬಣ್ಣವೇ ಅದರ ಶಕ್ತಿಯನ್ನು ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕಿತ್ತದ್ದನ್ನು ಅದೇ ಜಾಗಕ್ಕೆ ಹಾಕಬೇಕು. 10ರ ಜಾಗಕ್ಕೆ 20 ಹಾಕಿದರೆ, ಫ್ಯೂಸಿನ ಬದಲು ತಂತಿ ಸುತ್ತಿದರೆ ವಯರಿಗೆ ಬೆಂಕಿ ತಗಲುವ ಅಪಾಯವಿದೆ.

ಒಳಗಿನ ಪೆಟ್ಟಿಗೆಗೆ ಬಾಗಿಲು ತೆರೆದೇ ಕೈ ಹಾಕಬೇಕಾದರೆ, ಪರೀಕ್ಷೆ ಆರಂಭಿಸುವ ಮೊದಲೇ ಬಾಗಿಲು ತೆರೆದಿಟ್ಟು ಅದರ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಚೌಕಟ್ಟಿನಲ್ಲಿ ಗುಂಡಿ ಇರುವ ಕಾರಾದರೆ ಆ ಗುಂಡಿಯನ್ನು ಒತ್ತಿ ಟೇಪ್ ಹಚ್ಚಿ. ಬಾಗಿಲು ಮುಚ್ಚಿದೆ ಎಂದು ಕಾರು ತಿಳಿದುಕೊಳ್ಳುತ್ತದೆ. ಕೊನೆಯಲ್ಲಿ ಹಿಡಿಯನ್ನು ಎಳೆದು ಕೊಕ್ಕೆ ಬಿಡಿಸಲು ಮಾತ್ರ ಮರೆಯಬೇಡಿ.

ಒಬ್ಬರು ಒಂದೊಂದೇ ಫ್ಯೂಸನ್ನು ಕೀಳಲಿ, ಇನ್ನೊಬ್ಬರು ಮೀಟರ್ ನೋಡಲಿ. ಅಂಕಿ ಬದಲಾಗದಿದ್ದರೆ ಫ್ಯೂಸನ್ನು ಮರಳಿ ಹಾಕಿ ಮುಂದಿನದಕ್ಕೆ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಥಟ್ಟನೆ ಬೀಳುತ್ತದೋ ಸೋರುವ ನಳ್ಳಿ ಆ ದಾರಿಯಲ್ಲಿದೆ.

ಕಾಕ ಫ್ಯೂಸ್ ಕೀಳುತ್ತಾ ಹೋದರು. ಮೀಟರ್ ಮುಂದೆ ಯಾರನ್ನು ನಿಲ್ಲಿಸಲಿ ಎಂದು ನೋಡಿದಾಗ ಮಗ ಜಗಲಿಯ ಕಂಬಕ್ಕೊರಗಿ ನಿಂತಿದ್ದ. "ಬಾ ಮೋನು, ನೀನು ಓದಿ ಹೇಳು" ಎಂದು ಕಾಕನೇ ಕರೆದರು. ಒಂಬತ್ತನೆಯದೋ ಹತ್ತನೆಯದೋ ಫ್ಯೂಸಿಗೆ ಹುಡುಗ ಕೂಗಿದ: "ಸೊನ್ನೆ ಸೊನ್ನೆ ಮೂರು!" 0.45ರಿಂದ 0.03ಕ್ಕೆ ಇಳಿದಿತ್ತು.

ಆ ಫ್ಯೂಸಿನ ದಾರಿಯಲ್ಲಿ ಮೂರು ವಸ್ತುಗಳಿದ್ದವು: ಒಳಗಿನ ದೀಪ, ರೇಡಿಯೋ ಮತ್ತು ಡಿಕ್ಕಿಯ ದೀಪ. ಒಳಗಿನ ದೀಪ ಆರಿದ್ದು ಕಣ್ಣಿಗೆ ಕಾಣುತ್ತಿತ್ತು. ಫ್ಯೂಸನ್ನು ಮರಳಿ ಹಾಕಿ ರೇಡಿಯೋದ ಪ್ಲಗ್ ಬಿಚ್ಚಿದರೂ ಅಂಕಿ ಇಳಿಯಲಿಲ್ಲ. ಉಳಿದದ್ದು ಡಿಕ್ಕಿ. ಆದರೆ ಡಿಕ್ಕಿ ತೆರೆದರೆ ದೀಪ ಹೇಗೂ ಉರಿಯುತ್ತದೆ. ಮುಚ್ಚಿದ ಮೇಲೆ ಆರುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಉಪಾಯ ಹೊಳೆದದ್ದು ಮಗನಿಗೇ. ನನ್ನ ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಬಾಗಿಲು ಮುಚ್ಚಿದ. ಒಂದು ನಿಮಿಷದ ನಂತರ ತೆಗೆದು ನೋಡಿದರೆ ಮುಚ್ಚಿದ ಡಿಕ್ಕಿಯೊಳಗೆ ಆ ಪುಟ್ಟ ದೀಪ ಆರಾಮವಾಗಿ ಉರಿಯುತ್ತಿತ್ತು! ಬಲ್ಬನ್ನು ಕಿತ್ತೊಡನೆ ಮೀಟರ್ 0.03ಕ್ಕೆ ಬಂತು.

ಡಿಕ್ಕಿಯ ರಬ್ಬರ್ ಬೀಡಿಂಗ್ ಒಂದೆಡೆ ಹರಿದಿತ್ತು. ಮಳೆನೀರು ಅಲ್ಲಿಂದ ಇಳಿದು ಸ್ವಿಚ್ಚಿನೊಳಗೆ ಸೇರಿ ತುಕ್ಕು ಹಿಡಿಸಿತ್ತು. ಬಾಗಿಲು ಮುಚ್ಚಿದರೂ ಸ್ವಿಚ್ಚು ದೀಪಕ್ಕೆ ಕರೆಂಟು ಕೊಡುವುದನ್ನು ನಿಲ್ಲಿಸುತ್ತಿರಲಿಲ್ಲ. ಹೊಸ ಸ್ವಿಚ್ಚು, ಹೊಸ ಬೀಡಿಂಗ್ ಎರಡೂ ಸೇರಿ ಹೊಸ ಬ್ಯಾಟರಿಯ ಬೆಲೆಯ ಒಂದು ಸಣ್ಣ ಭಾಗದಷ್ಟೂ ಆಗಲಿಲ್ಲ.

ಬೇರೆ ಎಲ್ಲೆಲ್ಲಿ ಸೋರಬಹುದು?

ಪ್ರತಿಯೊಂದು ಕಾರಿನಲ್ಲೂ ಡಿಕ್ಕಿಯ ದೀಪವೇ ತಪ್ಪಿತಸ್ಥ ಎಂದು ತಿಳಿಯಬೇಡಿ. ಹೆಚ್ಚಾಗಿ ಸಿಕ್ಕಿಬೀಳುವವರು ಇವರು:

ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್. ಇದಕ್ಕೆ ಸಾಮಾನ್ಯವಾಗಿ ಹಳದಿ ವಯರು ಸದಾ ಕರೆಂಟಿಗೆ, ಕೆಂಪು ವಯರು ಕೀಯ ಕರೆಂಟಿಗೆ ಸೇರಬೇಕು. ಅವಸರದಲ್ಲಿ ಎರಡನ್ನೂ ಸದಾ ಕರೆಂಟಿಗೆ ಸೇರಿಸಿದರೆ ಸೆಟ್ ಎಂದೂ ಪೂರ್ತಿ ಮಲಗುವುದಿಲ್ಲ.

ಆಮೇಲೆ ಹಾಕಿಸಿದ ಅಲಾರಂ, ಕ್ಯಾಮೆರಾ, ಕಾರು ಎಲ್ಲಿದೆ ಎಂದು ತೋರಿಸುವ ಜಿ.ಪಿ.ಎಸ್. ಯಂತ್ರ, ಸದಾ ಕರೆಂಟಿರುವ ಸಾಕೆಟ್ಟಿನಲ್ಲಿ ಮರೆತು ಬಿಟ್ಟ ಮೊಬೈಲ್ ಚಾರ್ಜರ್.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗಿನ ದೀಪ, ಸನ್ ವೈಸರಿನ ಕನ್ನಡಿಯ ದೀಪ, ಬ್ರೇಕ್ ಪೆಡಲಿನ ಸ್ವಿಚ್ಚು ಸಿಕ್ಕಿಕೊಂಡು ಆರದ ಹಿಂದಿನ ಕೆಂಪು ದೀಪ.

ಒಳಗೆ ಅಂಟಿಕೊಂಡು ಬಿಡದೆ ನಿಂತ ರಿಲೇ. ಕಾರು ಮಲಗಿದ್ದಾಗಲೂ ಒಂದು ರಿಲೇ ಮಾತ್ರ ಬೆಚ್ಚಗಿದ್ದರೆ ಅದರ ಮೇಲೆ ಕಣ್ಣಿಡಿ.

ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಡೈನಮೋದೊಳಗಿನ ಡಯೋಡ್ ಕೆಟ್ಟಿರಬಹುದು. ಬ್ಯಾಟರಿಯ ಮೈನಸ್ ಬಿಚ್ಚಿ, ಡೈನಮೋದ ದಪ್ಪ ವಯರನ್ನು ಕಳಚಿ, ಅದರ ತುದಿಗೆ ಟೇಪ್ ಸುತ್ತಿ ಮತ್ತೆ ಅಳೆದರೆ ತಿಳಿಯುತ್ತದೆ. ಇದನ್ನು ಮಾತ್ರ ಕೆಲಸ ಬಲ್ಲವರಿಗೇ ಬಿಡಿ.

ಬ್ಯಾಟರಿಯ ಮೇಲ್ಭಾಗದ ಕೊಳೆ ಮತ್ತು ತೇವವೂ ಸ್ವಲ್ಪ ಸೋರಿಸುತ್ತದೆ. ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಯರು ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಒಣಗಿದ ಮೇಲೆ ಬಿಗಿಯಾಗಿ ಜೋಡಿಸಿ ಮೇಲಿಂದ ವ್ಯಾಸಲೀನ್ ಸವರಿ.

ಬೆಳಗಿನ ಅವಸರಕ್ಕೆ

ಬ್ಯಾಟರಿ ಇಳಿದು ನಿಂತ ಕಾರನ್ನು ಇನ್ನೊಂದು 12 ವೋಲ್ಟಿನ ಕಾರಿನಿಂದ ಚಾಲೂ ಮಾಡಬಹುದು. ಎರಡು ಕಾರುಗಳು ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ನಂತರ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಇಳಿದ ಬ್ಯಾಟರಿಯ ಬಳಿ ಕಿಡಿ ಹಾರಬಾರದೆಂದು ಈ ಕ್ರಮ. ಚಾಲೂ ಆದ ಮೇಲೆ ಹಿಂದುಮುಂದಾಗಿ ಬಿಚ್ಚುತ್ತಾ ಬನ್ನಿ.

ಗೇರ್ ಹಾಕುವ ಕಾರಾದರೆ ಎರಡನೆಯ ಗೇರಿನಲ್ಲಿ ತಳ್ಳಿಯೂ ಚಾಲೂ ಮಾಡುವುದುಂಟು. ಆಟೋಮ್ಯಾಟಿಕ್ ಕಾರನ್ನು ಹಾಗೆ ತಳ್ಳಬಾರದು. ಹೇಗೆ ಚಾಲೂ ಮಾಡಿದರೂ ಐದು ನಿಮಿಷದ ಓಟದಲ್ಲಿ ಬ್ಯಾಟರಿ ತುಂಬುವುದಿಲ್ಲ. ಚಾರ್ಜರಿಗೆ ಹಾಕಿ ಪೂರ್ತಿ ಚಾರ್ಜ್ ಮಾಡಿಸಿ. ಇಳಿದ ಬ್ಯಾಟರಿಯನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದರ ಆಯುಷ್ಯ ಕುಗ್ಗುತ್ತದೆ. ಅಂಗಡಿಯವರು ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಆದರೆ ಅದು ಏಕೆ ಇಳಿಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೆಕ್ಯಾನಿಕ್ ಬಳಿ ಹೋದಾಗ "ಬ್ಯಾಟರಿ ಬದಲಿಸಿ" ಎನ್ನಬೇಡಿ. "ಎರಡು ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ. ಮೈನಸ್ ಬಿಚ್ಚಿಟ್ಟರೆ ಇಳಿಯುವುದಿಲ್ಲ. ಎಷ್ಟು ಕರೆಂಟು ಸೋರುತ್ತಿದೆ, ಯಾವ ಫ್ಯೂಸಿನಲ್ಲಿ ಎಂದು ಅಳೆದು ಹೇಳಿ" ಎನ್ನಿ. ಇಷ್ಟು ಹೇಳುವ ಹೆಂಗಸಿಗೆ ಯಾರೂ ಸುಮ್ಮನೆ ಬ್ಯಾಟರಿ ಮಾರಲಾರರು. ಬ್ಯಾಟರಿಯ ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಜೋಪಾನವಾಗಿಡಿ.

ಕೊನೆಯದಾಗಿ

ಅಂದು ಕಾಕ ಹೋದ ಮೇಲೆ ನಾನು ಮಗನನ್ನು ಹತ್ತಿರ ಕುಳ್ಳಿರಿಸಿಕೊಂಡೆ. ತಾಯಿ ಮಗನ ಮುಂದೆ ತಪ್ಪೊಪ್ಪಿಕೊಳ್ಳುವುದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. "ನೀನು ಸತ್ಯವನ್ನೇ ಹೇಳಿದ್ದೆ. ನಾನು ನಂಬಲಿಲ್ಲ. ನನ್ನನ್ನು ಕ್ಷಮಿಸು ಮೋನು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಪ್ಪನಿಗೂ ಹೇಳ್ತೀರಾ ಉಮ್ಮಾ?" ಎಂದು ಕೇಳಿದ. ಆ ಒಂದು ಪ್ರಶ್ನೆಯಿಂದ ಆ ಎರಡು ವಾರ ಅವನ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯಿತು. ಅವನ ಎದುರಿನಲ್ಲೇ ಫೋನು ಮಾಡಿ ಹೇಳಿದೆ.

ಸೂರಃ ಅಲ್ ಹುಜುರಾತ್ ಗುಮಾನಿಗಳಿಂದ ದೂರವಿರಲು ನಮಗೆ ಕಲಿಸುತ್ತದೆ. ಕೆಲವು ಗುಮಾನಿಗಳು ಪಾಪವೆಂದು ಎಚ್ಚರಿಸುತ್ತದೆ. ಅದನ್ನು ನಾವು ನೆರೆಹೊರೆಯವರಿಗೆ, ನೆಂಟರಿಗೆ ಅನ್ವಯಿಸಿ ಓದುತ್ತೇವೆ. ನಮ್ಮ ಮನೆಯೊಳಗಿನ ಹನ್ನೆರಡು ವರ್ಷದ ಹುಡುಗನಿಗೂ ಅದು ಅನ್ವಯಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಮನೆಯಲ್ಲಿ ಏನೇ ಕೆಟ್ಟರೂ, ಏನೇ ಕಳೆದರೂ ಮೊದಲು ಒಬ್ಬರ ಹೆಸರು ನಮ್ಮ ಬಾಯಿಗೆ ಬರುತ್ತದೆ. ಕೆಲಸದವಳದೋ, ಸೊಸೆಯದೋ, ತುಂಟ ಮಗುವಿನದೋ. ಆಮೇಲೆ ಪ್ರತಿಯೊಂದು ಘಟನೆಯೂ ಅದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ. ಒಂದೊಂದೇ ಫ್ಯೂಸ್ ಕಿತ್ತು ನೋಡುವ ತಾಳ್ಮೆ ನಮಗಿರುವುದಿಲ್ಲ.

ಅತ್ತೆಯವರ ಶಸ್ತ್ರಚಿಕಿತ್ಸೆ ಅಲ್ಲಾಹನ ಅನುಗ್ರಹದಿಂದ ಮುಂದಿನ ತಿಂಗಳು ಚೆನ್ನಾಗಿ ನಡೆಯಿತು. ಕಾರೂ ಆ ದಿನ ಒಂದೇ ಸಲಕ್ಕೆ ಚಾಲೂ ಆಯಿತು. ಮಗ ಈಗಲೂ ಆದಿತ್ಯವಾರ ಕಾರಿನಲ್ಲಿ ಕುಳಿತು ಕಾಮೆಂಟರಿ ಕೇಳುತ್ತಾನೆ. ಇಳಿದು ಬಂದು ಕೀಯನ್ನು ನನ್ನ ಕೈಗೆ ಕೊಡುತ್ತಾನೆ. ನಾನು ಅದನ್ನು ಕಪಾಟಿನಲ್ಲಿಡುವುದಿಲ್ಲ, ಬಾಗಿಲ ಬಳಿಯ ಮೊಳೆಗೆ ತೂಗುಹಾಕುತ್ತೇನೆ.

ಈ ವಾರ ರಜೆಯ ದಿನ ಸಿಕ್ಕಿದಾಗ ನಿಮ್ಮ ಕಾರಿನ ಬೋನೆಟ್ ಎತ್ತಿ ಬ್ಯಾಟರಿ ಎಲ್ಲಿದೆ, ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದಾದರೂ ನೋಡಿಡಿ. ಜೊತೆಯಲ್ಲಿ ಮಕ್ಕಳನ್ನೂ ಕರೆಯಿರಿ. ದೂರದಿಂದ ನೋಡಿದರೂ ಕಲಿಯುತ್ತಾರೆ. ಮುಂದಿನ ತಿಂಗಳು ಇನ್ಶಾ ಅಲ್ಲಾಹ್ ಮನೆಯ ಇನ್ವರ್ಟರ್ ಬ್ಯಾಟರಿಯ ಆರೈಕೆಯ ಬಗ್ಗೆ ತಿಳಿಯೋಣ.